ಯಜಮಾನರ ಸಹಿ

"ಯಜಮಾನ್ರು ಇಲ್ವಾ?"

ಈ ಪ್ರಶ್ನೆ ಕೇಳಿದವರಿಗೆಲ್ಲ ಒಂದೊಂದು ಕುರ್ಚಿ ಹಾಕಿ ಕೂರಿಸಿದ್ದರೆ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಸಾಲು ನಿಲ್ಲುತ್ತಿತ್ತು. ಸುಟ್ಟ ಮೋಟಾರು ಹೊತ್ತು ತಂದವರು, ತಂತಿ ಮಾರಲು ಬಂದವರು, ಮೀಟರು ನೋಡಲು ಬಂದವರು, ಕೊನೆಗೆ ದಾರಿ ತಪ್ಪಿ ಒಳಗೆ ಬಂದವರು ಕೂಡ ನನ್ನ ಹೆಗಲ ಮೇಲಿಂದ ಇಣುಕಿ ಇದನ್ನೇ ಕೇಳುತ್ತಾರೆ. ನಾನೇನು ಬಾಗಿಲ ಮುಂದಿನ ಕಂಬವೇ? ಮೊದಮೊದಲು ಸಮಾಧಾನವಾಗಿ ಉತ್ತರ ಕೊಡುತ್ತಿದ್ದೆ. ಆಮೇಲೆ, "ಇದ್ದಾರೆ, ಮನೇಲಿ ತರಕಾರಿ ಹೆಚ್ತಿದ್ದಾರೆ, ಕರೀಲಾ?" ಎನ್ನಲು ಶುರುಮಾಡಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಇರಲಿ ಬಿಡಿ, ಮೂಗು ನನ್ನದೇ ತಾನೆ.

ನಮ್ಮಲ್ಲಿ ಈ ಮಾತಿಗೆ ಎರಡು ಅರ್ಥ. ಅಂಗಡಿಯ ಒಡೆಯನೂ ಯಜಮಾನ, ಕಟ್ಟಿಕೊಂಡ ಗಂಡನೂ ಯಜಮಾನ. ಗಂಡಸರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ನನಗೆ ಮಾತ್ರ ಈ ಒಂದು ಮಾತಿನಿಂದ ನಾನೇ ಕಟ್ಟಿದ ಕಂಪನಿ ಕೈತಪ್ಪುವುದರಲ್ಲಿತ್ತು. ಅದನ್ನೇ ಹೇಳುತ್ತೇನೆ ಕೇಳಿ.

ನನ್ನ ಕೆಲಸ ಮೋಟಾರ್ ವೈಂಡಿಂಗ್. ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಅದರ ಹೊಟ್ಟೆಯೊಳಗೆ ಕರಕಲಾದ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಲೆಕ್ಕ ತಪ್ಪದೆ ಸುತ್ತಿ, ಕಬ್ಬಿಣದ ಸೀಳುಗಳಲ್ಲಿ ಒಂದೊಂದಾಗಿ ಕೂರಿಸಿ, ದಾರದಿಂದ ಬಿಗಿದು, ವಾರ್ನಿಷ್ ಕುಡಿಸಿ ಒಣಗಿಸುವುದು. ಲೆಕ್ಕ ತಪ್ಪಿದರೆ ಮೋಟಾರು ಓಡುವುದಿಲ್ಲ, ಗುರುಗುಟ್ಟುತ್ತದೆ. ತಂತಿಯ ಮೇಲೆ ಉಗುರು ತಾಗಿ ಗೀರು ಬಿದ್ದರೂ ಸಾಕು, ಆರು ತಿಂಗಳಿಗೆ ಮತ್ತೆ ಸುಟ್ಟು ವಾಪಸು ಬರುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ಉಗುರು ಬಿಡುವುದಿಲ್ಲ.

ಈ ಕೆಲಸ ಕಲಿತದ್ದು ನನ್ನ ಭಾವನ, ಅಂದರೆ ಗಂಡನ ಅಣ್ಣನ, ಅಂಗಡಿಯಲ್ಲಿ. ಮದುವೆಯಾದ ಹೊಸದರಲ್ಲಿ ಅವರ ಕೆಲಸಗಾರನೊಬ್ಬ ಬಿಟ್ಟು ಹೋದ. "ಎರಡು ದಿನ ಸ್ವಲ್ಪ ಕೈ ಸೇರಿಸಮ್ಮಾ" ಎಂದರು. ಆ ಎರಡು ದಿನ ಹನ್ನೊಂದು ವರ್ಷ ನಡೆಯಿತು. ಮುಂದೆ ತಿರುಗುವ ಕುರ್ಚಿ, ಫ್ಯಾನು, ಫೋನು, ಭಾವ. ಹಿಂದೆ ಕಿಟಕಿಯಿಲ್ಲದ ಕೋಣೆ, ಒಂದು ಬಲ್ಬು, ವಾರ್ನಿಷ್ ವಾಸನೆ, ನಾನು. ಮೊದಲ ವರ್ಷ ಅವರು ಕಲಿಸಿದರು, ಇಲ್ಲ ಅನ್ನುವುದಿಲ್ಲ, ಉಂಡ ಮನೆಯ ಜಂತೆ ಎಣಿಸುವವಳಲ್ಲ ನಾನು. ಎರಡನೆಯ ವರ್ಷದಿಂದ ಅವರು ತಂತಿ ಮುಟ್ಟಲಿಲ್ಲ. ಬಂದವರಿಗೆಲ್ಲ ಮಾತ್ರ, "ನಾನೇ ಕೂತು ಸುತ್ತಿದ್ದೀನಿ, ಧೈರ್ಯವಾಗಿ ತಗೊಂಡು ಹೋಗಿ" ಎನ್ನುತ್ತಿದ್ದರು.

ಒಂದು ದಿನ ಯಾರೋ ಗಿರಾಕಿ ಖುಷಿಯಿಂದ ಕೂಗಿ ಹೇಳುತ್ತಿರುವುದು ಹಿಂದಿನ ಕೋಣೆಗೆ ಕೇಳಿಸಿತು. "ಐದು ವರ್ಷ ಆಯ್ತು ಸ್ವಾಮಿ, ನೀವು ಸುತ್ತಿದ ಮೋಟಾರು ಒಂದು ಸಲ ಕೆಮ್ಮಿಲ್ಲ. ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು!" ಭಾವ ನಕ್ಕರು. ನಾನು ಹೊರಗೆ ಬಂದೆ. ಮೊಣಕೈವರೆಗೆ ವಾರ್ನಿಷ್ ಮೆತ್ತಿಕೊಂಡ ನನ್ನ ಕೈಯನ್ನು ಆ ಮನುಷ್ಯನ ಮುಂದೆ ಚಾಚಿ, "ಬಳೆ ಈ ಕೈಗೆ ಬರುತ್ತೆ. ಅಳತೆ ತಗೊಂಡು ಹೋಗಿ" ಎಂದೆ.

ಗಿರಾಕಿ ಹೋದ ಮೇಲೆ ಭಾವ ಕೆಂಡಾಮಂಡಲವಾದರು. "ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೀತೀಯಾ?" ಎಂದರು. "ನಿಮ್ಮದನ್ನ ನಾನು ತೆಗೀಲಿಲ್ಲ ಭಾವ, ನನ್ನದನ್ನ ಕೇಳಿದೆ" ಎಂದು ಕೈ ತೊಳೆದುಕೊಂಡು ಬಂದವಳು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಮುಚ್ಚಿಹೋಗಿದ್ದ ಒಂದು ಹಿಟ್ಟಿನ ಗಿರಣಿ ಬಾಡಿಗೆಗೆ ಸಿಕ್ಕಿತು. ಗೋಡೆಗೆ ಒರಗಿದರೆ ಇವತ್ತಿಗೂ ಬೆನ್ನಿಗೆ ಹಿಟ್ಟು ಹತ್ತುತ್ತದೆ. ಮೊದಲು ನನ್ನ ಜೊತೆ ಸೇರಿದವಳು ಕತ್ತರಿಯಕ್ಕ. ಮುಂಚೆ ಬಟ್ಟೆ ಹೊಲಿಯುತ್ತಿದ್ದಳು, ಆದರೆ ಆ ಹೆಸರು ಬಂದದ್ದು ಅವಳ ನಾಲಿಗೆಯಿಂದ. ದಾರ, ಗಂಟು, ಬಿಗಿ ಎಲ್ಲ ಅವಳಿಗೆ ಹುಟ್ಟಿನಿಂದಲೇ ಗೊತ್ತಿದ್ದ ಹಾಗಿತ್ತು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಮೂರು ವರ್ಷಕ್ಕೆ ನನ್ನ ಜೊತೆ ಆರು ಹೆಂಗಸರಾದರು. ನೀರೆತ್ತುವ ಪಂಪು, ಬೇಕರಿಯ ಹಿಟ್ಟು ಕಲಸುವ ಯಂತ್ರ, ಆಸ್ಪತ್ರೆಯ ಲಿಫ್ಟು, ಯಾವುದರ ಮೋಟಾರು ಬಂದರೂ ಇಲ್ಲ ಅನ್ನಲಿಲ್ಲ.

ಮೊದಲ ದಿನವೇ ಒಂದು ನಿಯಮ ಮಾಡಿದೆ. ಯಾರು ಸುತ್ತಿದರೋ ಅವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ಸುರುಳಿಯ ದಾರದ ಅಡಿಯಲ್ಲಿ ಸಿಕ್ಕಿಸಬೇಕು. ಆಮೇಲೆ ವಾರ್ನಿಷ್. ಒಣಗಿದ ಮೇಲೆ ಚೀಟಿ ತಂತಿಯ ಜೊತೆ ಕಲ್ಲಾಗಿ ಕೂತುಬಿಡುತ್ತದೆ. ಮೋಟಾರು ಇರುವಷ್ಟು ದಿನ ಹೆಸರು ಇರುತ್ತದೆ. ಕೆಟ್ಟು ಬಂದರೆ ಯಾರ ತಪ್ಪು ಎಂದೂ ಗೊತ್ತಾಗುತ್ತದೆ. ಹೆಸರು ಬರೆಯಲು ಬಾರದ ಒಬ್ಬಳು ಮೊದಲು ಅದನ್ನೇ ಕಲಿತಳು. ಮೊದಲ ಚೀಟಿ ಬರೆದು ಮುಗಿಸಿದಾಗ ಅವಳು ಅತ್ತಳು, ನಾನೂ ಅತ್ತೆ. ಕತ್ತರಿಯಕ್ಕ ಮಾತ್ರ, "ಅಳೋದಾದ್ರೆ ಆ ಕಡೆ ಹೋಗಿ, ತಂತಿ ನೆನೆಯುತ್ತೆ" ಎಂದು ಗದರಿದಳು.

ಇಷ್ಟು ಹುಷಾರಿ ನಾನು. ಎಲ್ಲರ ಹೆಸರನ್ನೂ ನೋಡಿ ನೋಡಿ ಸಿಕ್ಕಿಸಿದವಳು, ನನ್ನ ಕಂಪನಿಯ ಕಾಗದದಲ್ಲಿ ಯಾರ ಹೆಸರಿದೆ ಎಂದು ಮಾತ್ರ ಮೂರು ವರ್ಷ ನೋಡಲಿಲ್ಲ! ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ನಡೆದದ್ದು ಹೀಗೆ. ಕಂಪನಿ ನೋಂದಾಯಿಸಲು ಹೋದಾಗ ಕಚೇರಿಯ ಗುಮಾಸ್ತ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, ತಲೆ ಎತ್ತದೆ, "ನಾನೇ ತುಂಬ್ತೀನಿ, ಹೇಳ್ತಾ ಹೋಗಿ" ಎಂದ. ವಿಳಾಸ ಕೇಳಿದ, ಹೇಳಿದೆ. ಕೆಲಸ ಏನು ಎಂದು ಕೇಳಿದ, ಹೇಳಿದೆ. "ಯಜಮಾನ್ರ ಹೆಸರೇನು?" ಎಂದ. ಯಾವ ಕಚೇರಿಗೆ ಹೋದರೂ ಹೆಂಗಸಿಗೆ ಗಂಡನ ಹೆಸರು ಕೇಳುವುದು ಹೊಸದೇ? ಹೇಳಿದೆ. ಅವನು ಬರೆದುಕೊಂಡು ಅರ್ಜಿ ಮಡಚಿ ಕೊಟ್ಟ. "ಇಲ್ಲಿ ಯಜಮಾನ್ರ ಸೈನು ಹಾಕಿಸ್ಕೊಂಡು ಬನ್ನಿ." ನನಗೆ ಮೈಯೆಲ್ಲ ಉರಿಯಿತು. ನಾನು ಅಂಗಡಿ ಇಡಲು ಗಂಡನ ಒಪ್ಪಿಗೆ ಬೇರೆ ಬೇಕೇ! ಆ ಸಿಟ್ಟಿನಲ್ಲಿ ಕಾಗದ ಬಿಚ್ಚಿ ನೋಡಲಿಲ್ಲ. ಮನೆಗೆ ಬಂದು, "ಹಾಕಿ ರೀ, ನಿಮ್ಮ ಅಪ್ಪಣೆ ಬೇಕಂತೆ" ಎಂದೆ. ನನ್ನ ಗಂಡ ಶಾಲೆಯ ಬಸ್ಸು ಓಡಿಸುವವರು, ಮಕ್ಕಳ ಗಲಾಟೆಯಲ್ಲಿ ಅರ್ಧ ಆಯಸ್ಸು ಕಳೆದ ಮೆತ್ತನೆಯ ಮನುಷ್ಯ. ಓದದೆ ಹಾಕಿದರು. ಪ್ರಮಾಣಪತ್ರ ಬಂತು. ಕಟ್ಟು ಹಾಕಿಸಿ, ಬಾಗಿಲ ಮೇಲೆ, ಏಣಿ ಹತ್ತದೆ ಓದಲಾಗದಷ್ಟು ಎತ್ತರದಲ್ಲಿ ತೂಗುಹಾಕಿದೆ.

ಈ ವರ್ಷ ನೂಲಿನ ಗಿರಣಿಯವರು ಕರೆದರು. ಅವರ ಎಂಬತ್ತು ಮೋಟಾರುಗಳ ಕೆಲಸ ಮೂರು ವರ್ಷದ ಮಟ್ಟಿಗೆ ನಮಗೆ. ಅದು ಸಿಕ್ಕರೆ ಇನ್ನೂ ಎಂಟು ಹೆಂಗಸರನ್ನು ಸೇರಿಸಿಕೊಳ್ಳಬಹುದು, ಪಕ್ಕದ ಮಳಿಗೆಯನ್ನೂ ಹಿಡಿಯಬಹುದು. ಹಿಂದೆ ಆ ಕೆಲಸ ಭಾವನ ಅಂಗಡಿಯದಾಗಿತ್ತು, ಅಂದರೆ ನನ್ನದೇ ಆಗಿತ್ತು. ಖರೀದಿ ಅಧಿಕಾರಿ ಕಾಗದಗಳನ್ನು ತಿರುವುತ್ತಾ ಪ್ರಮಾಣಪತ್ರದ ಪ್ರತಿಯ ಮೇಲೆ ಬೆರಳಿಟ್ಟ.

"ಮಾಲೀಕರು ಅಂತ ನಿಮ್ಮ ಮನೆಯವರ ಹೆಸರಿದೆಯಲ್ಲಮ್ಮ. ನಿಮ್ಮ ಹೆಸರು ಎಲ್ಲೂ ಇಲ್ಲ. ಬುಧವಾರ ಅವರನ್ನೇ ಕರ್ಕೊಂಡು ಬನ್ನಿ, ಒಪ್ಪಂದಕ್ಕೆ ಸಹಿ ಹಾಕ್ಲಿ."

ಅಂಗಡಿಗೆ ಬಂದು, ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಕಟ್ಟಿನ ಗಾಜು ಒರೆಸಿ ಓದಿದೆ. ಸಾಕ್ಷಾತ್ ನನ್ನ ಗಂಡನ ಹೆಸರು. ಕೆಳಗೆ ಅವರ ಗುಂಡು ಗುಂಡು ಸಹಿ. ಅಲ್ಲೇ ಸ್ಟೂಲಿನ ಮೇಲೆ ನಿಂತು ನಕ್ಕೆನೋ ಅತ್ತೆನೋ ನನಗೇ ತಿಳಿಯದು. "ಇಳೀರಿ, ಬಿದ್ದು ಸೊಂಟ ಮುರ್ಕೊಂಡ್ರೆ ಅದಕ್ಕೂ ಯಜಮಾನ್ರ ಸೈನು ಕೇಳ್ತಾರೆ" ಎಂದಳು ಕತ್ತರಿಯಕ್ಕ.

ಆ ಅಧಿಕಾರಿಗೆ ಭಾವನ ಹಳೆಯ ಪರಿಚಯ. ಸುದ್ದಿ ಮುಟ್ಟಲು ಎಷ್ಟು ಹೊತ್ತು? ಭಾನುವಾರ ಬೆಳಗ್ಗೆ ಭಾವ ಟೈಪು ಮಾಡಿಸಿದ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ನಾನು ಚಹಾ ತಂದಿಟ್ಟೆ. ಅವರು ನನ್ನನ್ನು ನೋಡದೆ ತಮ್ಮನಿಗೆ ಹೇಳಿದರು.

"ನೋಡಪ್ಪಾ, ಎರಡು ಅಂಗಡಿ ಯಾಕೆ? ಒಂದೇ ಮಾಡೋಣ. ನಿನ್ನ ಹೆಸರಲ್ಲಿರೋದನ್ನ ನನ್ನದಕ್ಕೆ ಸೇರಿಸ್ತೀನಿ ಅಂತ ಇದಕ್ಕೊಂದು ಸಹಿ ಹಾಕು. ಬುಧವಾರ ಗಿರಣೀಲಿ ನಾನೇ ಮಾತಾಡ್ತೀನಿ. ಆ ಹೆಂಗಸರು ಎಲ್ಲೂ ಹೋಗ್ಬೇಕಾಗಿಲ್ಲ. ಇವಳಿಗೂ ಹಿಂದಿನ ಕೋಣೆ ಇದ್ದೇ ಇದೆ."

ಹಿಂದಿನ ಕೋಣೆ! ನನ್ನ ಗಂಡ ಕಾಗದ ನೋಡಿದರು, ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅಣ್ಣ ಎಂದರೆ ಅಪ್ಪನ ಸಮಾನ. ಶಾಲೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಬಿಟ್ಟವರಂತೆ. "ಯೋಚನೆ ಮಾಡ್ತೀನಿ ಅಣ್ಣ" ಎಂದರು. ಬೇಡ ಎನ್ನಲಿಲ್ಲ.

ಭಾವ ಹೋದ ಮೇಲೆ ನಾನು ಕೇಳಿದೆ. "ಏನ್ರೀ ಯೋಚನೆ?"

"ಅಲ್ಲ ಇವಳೇ, ಕೆಲಸ ನಿನ್ನದೇ ತಾನೆ. ಹೆಸರು ಯಾರದ್ದಾದ್ರೇನು? ಅಣ್ಣನಿಗೆ ಇಲ್ಲ ಅಂತ ನಾನು ಯಾವತ್ತೂ ಅಂದಿಲ್ಲ."

"ನನಗೆ ಅಂದಿದ್ದೀರಾ?"

ನಾನು ಸೊಂಟದಿಂದ ಅಂಗಡಿಯ ಬೀಗದ ಕೈ ತೆಗೆದು ಅವರ ಮುಂದಿಟ್ಟೆ. "ಕಾಗದದಲ್ಲಿ ಯಜಮಾನ್ರು ನೀವು. ಹಾಗಾದ್ರೆ ನಾಳೆ ನೀವೇ ಬಾಗಿಲು ತೆಗೀರಿ. ಗಿರಣಿಯವರು ಪರೀಕ್ಷೆಗೆ ಅಂತ ಒಂದು ಮೋಟಾರು ಕಳಿಸಿದ್ದಾರೆ, ಅದನ್ನ ಸುತ್ತಿ. ನಿಮ್ಮ ಅಣ್ಣನ್ನೂ ಕರೀರಿ. ಅದು ಸುತ್ತಿ ಮುಗಿದ ಮೇಲೆ ಎಲ್ಲಿ ಬೇಕಾದ್ರೂ ಸಹಿ ಹಾಕಿ, ನಾನು ತುಟಿ ಪಿಟಕ್ ಅನ್ನಲ್ಲ."

ಸೋಮವಾರ ಬಸ್ಸಿಗೆ ರಜೆ ಹಾಕಿ ಅವರು ಹೋದರು. ಅರ್ಧ ಗಂಟೆ ಬಿಟ್ಟು ನಾನೂ ಹೋದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೈಚೀಲ ತೂಗುಹಾಕಿಕೊಂಡು, ಬಾಗಿಲಲ್ಲಿ ನಿಂತು, ಕತ್ತು ಉದ್ದ ಮಾಡಿ ಒಳಗೆ ಇಣುಕಿ ಕೇಳಿದೆ. "ಯಜಮಾನ್ರು ಇದ್ದಾರಾ?"

ಆರು ಹೆಂಗಸರೂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಅವರು ಯಾರೂ ಕೆಲಸ ಮುಟ್ಟಿರಲಿಲ್ಲ. ಗೋಡೆಗೆ ಒರಗಿ, ಬೆನ್ನಿಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದರು. ನನ್ನ ಗಂಡ ಬೆಂಚಿನ ಮುಂದೆ ಬೆವರುತ್ತಾ ತಂತಿ ಸುತ್ತುವ ಅಚ್ಚನ್ನು ತಿರುಗಿಸುತ್ತಿದ್ದರು. ನಾನು ಗಿರಾಕಿಗಳ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ.

"ಮೂವತ್ತೈದು, ಮೂವತ್ತಾರು, ಮೂವತ್ತೇಳು..." ಎಣಿಸುತ್ತಿದ್ದರು. ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಅವರ ಕಣ್ಣು ಆ ಕಡೆ ಹೋಯಿತು, ಲೆಕ್ಕವೂ ಹೋಯಿತು. ಬಿಚ್ಚಿ ಮತ್ತೆ ಶುರುಮಾಡಿದರು. ನಾಲ್ಕು ಸಲ ಹೀಗಾಯಿತು. ತಂತಿ ಬೆರಳು ಕೊಯ್ದು ರಕ್ತ ಬಂತು. ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ಕುರ್ಚಿಯಿಂದ ಏಳಲಿಲ್ಲ.

ಹನ್ನೊಂದಕ್ಕೆ ಭಾವ ಬಂದರು, ಕಂಕುಳಲ್ಲಿ ಅದೇ ಕಾಗದ. "ಇದೇನೋ ಇದು, ಮಕ್ಕಳಾಟ? ಸರಿ, ಈ ಕಡೆ ಕೊಡು." ಕೋಟು ಬಿಚ್ಚಿ ಕೂತರು. ಹೇಳಬೇಕಾದ್ದು ಹೇಳಲೇಬೇಕು, ಅವರ ಕೈಗೆ ಕೆಲಸ ಪೂರ್ತಿ ಮರೆತಿರಲಿಲ್ಲ. ನಿಧಾನವಾಗಿ, ಕನ್ನಡಕವನ್ನು ಹಣೆಗೂ ಮೂಗಿಗೂ ಏರಿಸಿ ಇಳಿಸಿ, ಸುರುಳಿ ಸುತ್ತಿದರು. ತಮ್ಮ ಎತ್ತಿಕೊಟ್ಟರು, ಅಣ್ಣ ಸೀಳಿಗೆ ಕೂರಿಸಿದರು. ಎರಡು ಕಡೆ ತಂತಿ ಗೀರಿತು. ನನಗೆ ಕಂಡಿತು, ಕತ್ತರಿಯಕ್ಕನಿಗೆ ಕಂಡಿತು. ಭಾವನಿಗೂ ಕಂಡಿತು, ಅವರು ಅದರ ಮೇಲೆ ಮೆಲ್ಲನೆ ದಾರ ಎಳೆದರು. ಮಧ್ಯಾಹ್ನ ಮೂರರ ಹೊತ್ತಿಗೆ ಮುಗಿಯಿತು.

"ಆಯ್ತಲ್ಲ? ವಾರ್ನಿಷ್ ಹಾಕಿ ಕಳಿಸಿ. ಬಾರಪ್ಪಾ, ಸಹಿ ಹಾಕು" ಎಂದು ಕೈ ಒರೆಸಿಕೊಂಡರು.

ಕತ್ತರಿಯಕ್ಕ ಎದ್ದು ಬಂದಳು. ಒಂದು ಚೀಟಿ, ಒಂದು ಪೆನ್ನು ಭಾವನ ಮುಂದಿಟ್ಟಳು. "ಹೆಸರು ಬರೀರಿ ಸ್ವಾಮಿ. ಸುತ್ತಿದವರ ಹೆಸರು ಒಳಗಿರ್ಬೇಕು. ಇಲ್ಲದಿದ್ರೆ ಇಲ್ಲಿಂದ ಮೋಟಾರು ಹೊರಗೆ ಹೋಗಲ್ಲ."

ಭಾವ ಚೀಟಿಯನ್ನು ನೋಡಿದರು. ಮೋಟಾರಿನ ಕಡೆ ನೋಡಿದರು. ದಾರದ ಅಡಿಯಲ್ಲಿ ಗೀರು ಎಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದೆಲ್ಲ ಯಾಕೆ? ನನ್ನ ಹೆಸರು ಬೇಡ. ಇವನ ಹೆಸರು ಬರ್ಕೊಳ್ಳಿ, ಯಜಮಾನ ಅವನು ತಾನೆ" ಎಂದರು.

ನನಗೆ ಹನ್ನೊಂದು ವರ್ಷ ಒಮ್ಮೆಗೇ ಕಣ್ಣ ಮುಂದೆ ಬಂತು. ನಾನು ಸುತ್ತಿದ್ದಕ್ಕೆಲ್ಲ ತನ್ನ ಹೆಸರು ಇಟ್ಟುಕೊಂಡ ಮನುಷ್ಯ, ತಾನು ಸುತ್ತಿದ ಒಂದೇ ಒಂದಕ್ಕೆ ಹೆಸರು ಕೊಡಲೊಲ್ಲ! ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಕೊಯ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು.

"ಅಣ್ಣಾ, ನೀನು ಮಾಡಿದ್ದು ಕೆಟ್ಟರೆ ನನ್ನ ಹೆಸರು. ಇವಳು ಮಾಡಿದ್ದು ಓಡಿದರೆ ನಿನ್ನ ಹೆಸರು. ಇದು ಯಾವ ಊರಿನ ನ್ಯಾಯ?"

ನನ್ನ ಗಂಡ ಆ ಟೈಪು ಮಾಡಿದ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಅಣ್ಣನ ಕೋಟಿನ ಜೇಬಿಗೆ ಇಟ್ಟರು, ಕೋಟನ್ನು ಕೈಗೆ ಕೊಟ್ಟರು. "ಇದಕ್ಕೆ ನಾನು ಸಹಿ ಹಾಕಲ್ಲ ಅಣ್ಣ" ಎಂದರು.

ಭಾವ ಬಾಗಿಲವರೆಗೆ ಹೋಗಿ ತಿರುಗಿ ನನಗೆ, "ಮನೆ ಒಡೆದೆ ನೀನು" ಎಂದರು.

"ಇಲ್ಲ ಭಾವ. ಹಿಂದಿನ ಕೋಣೆಗೆ ಒಂದು ಬಾಗಿಲು ಒಡೆದೆ, ಅಷ್ಟೇ" ಎಂದೆ.

ಅವರು ಹೋದ ಮೇಲೆ ನನ್ನ ಗಂಡ ಹೊಗಳಿಕೆಗೆ ಕಾದವರ ಹಾಗೆ ನನ್ನ ಕಡೆ ನೋಡಿದರು. "ಹೇಳ್ಬಿಟ್ಟೆ ಕಣೇ. ನಮ್ಮ ಮನೇಲಿ ಯಜಮಾನ್ರು ನೀನೇ."

ಬೇರೆಯವಳಾಗಿದ್ದರೆ ಕರಗುತ್ತಿದ್ದಳೇನೋ. ನಾನು ಕರಗಲಿಲ್ಲ. "ಮನೇದು ಆಮೇಲೆ ನೋಡೋಣ ರೀ. ಕಂಪನೀದು ನಾಳೆ ಬೆಳಗ್ಗೆ ಹತ್ತು ಗಂಟೆಗೆ. ಬೆರಳಿಗೆ ಔಷಧಿ ಹಚ್ಕೊಳ್ಳಿ, ಸಹಿ ಹಾಕೋ ಬೆರಳು ಅದು." ಆಮೇಲೆ ಸೆರಗು ಸಿಕ್ಕಿಸಿ, ಬಳೆ ತೆಗೆದಿಟ್ಟು, ಭಾವ ಸುತ್ತಿದ್ದನ್ನೆಲ್ಲ ಕಿತ್ತು ಹಾಕಿ ಮೊದಲಿನಿಂದ ಶುರುಮಾಡಿದೆ. ಆರು ಜನರೂ ಬೆಂಚಿಗೆ ಬಂದರು. ಆ ಮೋಟಾರಿನೊಳಗೆ ನನ್ನ ಹೆಸರಿದೆ, ಬೇಕಾದವರು ಬಿಚ್ಚಿ ನೋಡಬಹುದು.

ಮಂಗಳವಾರ ಹತ್ತಕ್ಕೆ ಕಚೇರಿಯಲ್ಲಿ ಅದೇ ಕಿಟಕಿ, ಅದೇ ಗುಮಾಸ್ತ. ಮೂರು ವರ್ಷದಲ್ಲಿ ಕೂದಲು ಸ್ವಲ್ಪ ಹಿಂದೆ ಸರಿದಿತ್ತು, ತಲೆ ಎತ್ತದೆ ಮಾತಾಡುವ ಅಭ್ಯಾಸ ಮಾತ್ರ ಹಾಗೇ ಇತ್ತು. ಮಾಲೀಕತ್ವ ಬದಲಾವಣೆಯ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, "ನಾನೇ ತುಂಬ್ತೀನಿ, ಹೇಳ್ತಾ ಹೋಗಿ" ಎಂದ.

ನಾನು ಅದನ್ನು ಅವನ ಕೈಯಡಿಯಿಂದ ವಾಪಸು ಎಳೆದುಕೊಂಡೆ. "ಬೇಡ, ನಾನೇ ತುಂಬ್ತೀನಿ. ನನಗೂ ಅಕ್ಷರ ಬರುತ್ತೆ." ಒಂದೊಂದು ಸಾಲನ್ನೂ ಜೋರಾಗಿ ಓದಿ ಓದಿ ತುಂಬಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಗೊಣಗಲಿ. ಬಿಟ್ಟುಕೊಡುವವರು ಎನ್ನುವ ಕಡೆ ನನ್ನ ಗಂಡ ತಮ್ಮ ಗುಂಡು ಗುಂಡು ಸಹಿ ಹಾಕಿದರು, ಈ ಸಲ ಓದಿಕೊಂಡು. ಗುಮಾಸ್ತ ಮೊಹರು ಎತ್ತಿಕೊಂಡವನು ಕಾಗದದ ಕೊನೆಯಲ್ಲಿ ಖಾಲಿ ಜಾಗ ಕಂಡು ನಿಂತ.

"ಹೊಸ ಮಾಲೀಕರ ಸೈನು ಬಾಕಿ ಇದೆಯಲ್ಲ." ನನ್ನ ಹೆಗಲ ಮೇಲಿಂದ ನನ್ನ ಗಂಡನ ಕಡೆ ಕತ್ತು ಚಾಚಿದ. ನನ್ನ ಗಂಡ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಗುಮಾಸ್ತ ಅವರ ಹಿಂದೆ ನೋಡಿದ, ಬಾಗಿಲ ಕಡೆ ನೋಡಿದ, ಬೆಂಚಿನ ಮೇಲೆ ಕೂತಿದ್ದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಕೊನೆಗೆ ಬೇಸರದಿಂದ ಕೇಳಿದ.

"ಯಜಮಾನ್ರು ಬಂದಿದ್ದಾರೋ ಇಲ್ವೋ?"

"ಬಂದಿದ್ದೀನಿ" ಎಂದೆ. "ಪೆನ್ನು ಕೊಡಿ."